ಪೀರನ ಪಾಲಾದ ಆಡುಗಳು

ಬುಗ್ಗಿಹಾಳ, ಚಿಂಚೋಳಿ ತಾಲೂಕು
16 ಜೂನ್ 1943

ಶಹಾಬಾದ ಕಲ್ಲುಗಣಿಯ ಮುನಶಿಯೂ ಬಂಡೆಗಳ ಬಾದಶಹನೂ ಆದ ದೋಸ್ತ ಮಶಾಕನಿಗೆ ಅಮೃತಪ್ಪ ಮಾಸ್ತರನ ಶರಣು ಮತ್ತು ಸಲಾಮು.

ಕುಳಿತಿದ್ದರೆ ಎದ್ದು ನಿಲ್ಲು. ನಿಂತಿದ್ದರೆ ಟೋಪಿ ಸರಿಮಾಡಿಕೋ. ಮೊನ್ನೆ ಸೋಮವಾರ ಚಾವಡಿಯಲ್ಲಿ ನಿನ್ನ ಗೆಳೆಯ ಒಂದು ಕಾಯಿದೆ ಮಾಡಿದ್ದಾನೆ. ಹೈದರಾಬಾದಿನಲ್ಲಿ ಒಂದು ಕಾಯಿದೆ ಹುಟ್ಟಬೇಕಾದರೆ ಹತ್ತು ದಫ್ತರ ತಿರುಗಿ ಇಪ್ಪತ್ತು ಮುದ್ರೆ ಬೀಳಬೇಕಂತೆ. ನಮ್ಮದು ಒಂದು ಚಿಲುಮೆ ತಂಬಾಕು ಆರುವುದರೊಳಗೆ ಹುಟ್ಟಿ, ನಡೆದು, ಓಡಾಡತೊಡಗಿತು.

ಕಾಯಿದೆಗೆ ಪೀಠಿಕೆ ಬೇಕು. ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಸಹಿಸಿಕೋ. ಊರ ಹಿಂದಿನ ಗುಡ್ಡದ ಮೇಲೆ ಪೀರಸಾಹೇಬರ ಗೋರಿ. ಗೋರಿಯ ಸುತ್ತ ಬನ. ಬನದ ಬುಡದಲ್ಲಿ ಕಲ್ಲಿನ ಸಂದಿಯಿಂದ ಬರುವ ಬುಗ್ಗೆ. ಊರು ಕುಡಿಯುವುದು ಅದನ್ನೇ, ಊರಿಗೆ ಹೆಸರು ಬಂದದ್ದೂ ಅದರಿಂದಲೇ. ಗೋರಿ, ಬನ, ಬುಗ್ಗೆ ಮೂರಕ್ಕೂ ಕಾವಲು ನಿನ್ನ ಅಬ್ಬಾ, ಹಾಜಿಮಲಂಗ್ ಕಾಕಾ. ಬನದಲ್ಲಿ ಕೊಡಲಿ ಆಡಿಸಬಾರದು, ಆಡು ಬಿಡಬಾರದು ಎಂಬುದು ಮುತ್ತಜ್ಜಂದಿರ ಮಾತು. ಬಿಟ್ಟರೆ ತಪ್ಪುಕಾಣಿಕೆ ಒಂದು ತೆಂಗಿನಕಾಯಿ.

ಈಗ ಲಡಾಯಿಯ ಕಾಲ. ಸಿಕಂದರಾಬಾದಿನ ಫೌಜಿಗೆ ಮಾಂಸ ಬೇಕು. ಸೇಡಂನ ಆಡಿನ ಗುತ್ತೇದಾರ ಮೆಹತಾಬ್ ಹದಿನೈದು ದಿನಕ್ಕೊಮ್ಮೆ ಬಂದು ಆಡು ಕೊಂಡು ಹೊಡೆದುಕೊಂಡು ಹೋಗುತ್ತಾನೆ. ಎರಡು ಆಡಿದ್ದ ಮನೆಯಲ್ಲಿ ಈಗ ಇಪ್ಪತ್ತು. ಲಿಂಗವಂತರಾದ ನಾವು ಹಾಲಿಗೆಂದು ಸಾಕುತ್ತೇವೆ. ಆಡು ಸೇಡಂಗೆ ಹೋಗಿ ಏನು ಮಾಡುತ್ತದೆ ಎಂದು ನಾವು ಕೇಳುವುದಿಲ್ಲ, ಅದೂ ತಿರುಗಿ ಬಂದು ಹೇಳುವುದಿಲ್ಲ. ಊರ ಗೋಮಾಳವಾದ ಗಾಯರಾಣದಲ್ಲಿ ಮೇಯಲು ಗರಿಕೆಯೂ ಉಳಿಯದೆ ಅದು ತಲೆ ಬೋಳಿಸಿಕೊಂಡ ಹಾಗಿದೆ. ಆದ್ದರಿಂದ ಎಲ್ಲರ ಕಣ್ಣೂ ಬನದ ಮೇಲೆ. ದಿನಾ ಒಂದು ಕಾಯಿ ಕೊಡುತ್ತಾರೆ, ದಿನಾ ಹತ್ತು ಆಡು ಬಿಡುತ್ತಾರೆ. ಕಾಕಾ ಚಾವಡಿಗೆ ಬಂದು ಗೋಳಾಡಿದರು: “ಗೌಡ್ರೇ, ಪೀರ ಎಷ್ಟಂತ ಕಾಯಿ ತಿಂದಾನ್ರಿ? ಅವಂಗ ಹಲ್ಲರ ಎಲ್ಲಿ ಅದಾವ?”

ಚಂದ್ರಾಮಪ್ಪ ಗೌಡರು ನನ್ನ ಮುಖ ನೋಡಿದರು. ಊರಿನಲ್ಲಿ ಏನೇ ತೊಡಕಾದರೂ ನನ್ನ ಮುಖ ನೋಡುವುದು ವಾಡಿಕೆ. ನಾನು ಒಂದು ಚಟಾಕಿ ಹಾರಿಸಬೇಕು, ಅವರು ನಗಬೇಕು, ತೊಡಕು ಮರೆಯಬೇಕು. ಹಾರಿಸಿದೆ: “ಬನದಾಗ ಕಾಲಿಟ್ಟ ಆಡು ಪೀರಂದು ಅಂದುಬಿಡ್ರಿ. ಕಿವಿ ಕೊಯ್ದು ಅಲ್ಲೇ ಬಿಡ್ರಿ. ಮಾರಂಗಿಲ್ಲ, ಕಡಿಯಂಗಿಲ್ಲ, ಮನಿಗಿ ಹೊಡಕೊಂಡು ಹೋಗಂಗಿಲ್ಲ!”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕು ಕಣ್ಣು ಒರೆಸಿಕೊಂಡು ನೋಡಿದರೆ ಅದು ಕಾಯಿದೆಯಾಗಿತ್ತು.

ಮೊದಲ ಅಪರಾಧಿ ಯಾರು ಬಲ್ಲೆಯಾ? ನನ್ನ ಹೆಂಡತಿ ಭೀಮಬಾಯಿಯ ಆಡು ರಂಗಿ. ಕಾಯಿದೆಯ ಮರುದಿನವೇ ಹಗ್ಗ ಹರಿದುಕೊಂಡು ಹೋಗಿ ಪೀರನ ಆಸ್ತಿಯಾಯಿತು. ಭೀಮಬಾಯಿ ಎರಡು ದಿನದಿಂದ ನನಗೆ ಬಡಿಸುವಾಗ ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದಾಳೆ. “ಊರಿಗೆಲ್ಲಾ ಕಾಯ್ದೆ ಮಾಡೂ ಮಾಸ್ತರಗ ಮನ್ಯಾಗ ಒಂದು ಹಗ್ಗ ಗಟ್ಟಿ ಕಟ್ಟಾಕ ಬರಂಗಿಲ್ಲ” ಎಂಬುದು ಅವಳ ತೀರ್ಪು.

ಇಂತಿ,
ಒಂದು ಆಡಿನ ಮಾಜಿ ಮಾಲಕ
ಅಮೃತಪ್ಪ

*

ಶಹಾಬಾದ
9 ಜುಲೈ 1943

ಅಮೃತಾ,

ನಿನ್ನ ಪತ್ರ ಓದಿ ಗಣಿಯ ಅಂಚಿನಲ್ಲಿ ನಿಂತು ಒಬ್ಬನೇ ನಕ್ಕೆ. ಮೇಲಿನ ಸಾಹೇಬರು ಬಂದು ನನಗೆ ಬಿಸಿಲು ಬಡಿದಿದೆಯೋ ಎಂದು ವಿಚಾರಿಸಿ ಹೋದರು.

ಆಮೇಲೆ ರೊಟ್ಟಿ ತಿನ್ನುವಾಗ ನಗು ನಿಂತಿತು. ರಂಗಿ ಹೆಣ್ಣಾಡು. ನಾಳೆ ಒಂದು ಹೋತ ಬನಕ್ಕೆ ಹೊಕ್ಕರೆ? ಮರಿ ಹಾಕಿದರೆ ಅವು ಯಾರವು? ಮಾರುವ ಹಾಗಿಲ್ಲ, ಕಡಿಯುವ ಹಾಗಿಲ್ಲ, ಹೊರಗೆ ಹೊಡೆಯುವ ಹಾಗಿಲ್ಲ ಎಂದರೆ ಅವು ತಿನ್ನುವುದು ಏನನ್ನು? ಬನವನ್ನೇ ತಾನೆ? ಆಡು ಹೊರಗಿರಲಿ ಎಂದು ಮಾಡಿದ ಕಾಯಿದೆ ಆಡನ್ನು ಒಳಗಿಟ್ಟು ಬೀಗ ಹಾಕಿತಲ್ಲ.

ಇಲ್ಲಿ ಗಣಿ ತೆಗೆಯುವ ಮೊದಲು ಮೇಲಿನ ಮಣ್ಣು ತೆಗೆಸುತ್ತೇವೆ. ಎಷ್ಟು ದಪ್ಪ ಎಂದುಕೊಂಡಿದ್ದೀ? ಒಂದು ಮೊಳ. ಅದರ ಕೆಳಗೆ ಬರೀ ಕಲ್ಲು. ಗಿಡ, ಬೆಳೆ, ಮನುಷ್ಯ ಎಲ್ಲ ನಿಂತಿರುವುದು ಆ ಒಂದು ಮೊಳದ ಮೇಲೆ. ನಮ್ಮ ಗುಡ್ಡದಲ್ಲಿ ಅಷ್ಟೂ ಇರಲಿಕ್ಕಿಲ್ಲ. ಬೇರು ಹಿಡಿದುಕೊಂಡಿದೆ ಎಂದು ಇದೆ.

ನಿನ್ನ ಕಾಯಿದೆಗೆ ಇನ್ನೊಂದು ಸಾಲು ಸೇರಿಸು. ವರ್ಷಕ್ಕೊಮ್ಮೆ ಪೀರನ ಆಡುಗಳನ್ನು ಊರೇ ಹೊರಗೆ ಕಳಿಸಬೇಕು ಎಂದು. ಈಗಲೇ ಹೇಳು, ಅವು ನಾಲ್ಕೋ ಐದೋ ಇರುವಾಗ. ನಿನ್ನ ಮಾತನ್ನು ಕೇಳುತ್ತಾರೆ.

ಅಬ್ಬಾನ ಕೆಮ್ಮು ಹೇಗಿದೆ?

ಮಶಾಕ

*

ಬುಗ್ಗಿಹಾಳ
5 ಜನವರಿ 1944

ಶ್ರೀಮಾನ್ ಮುನಶಿ ಸಾಹೇಬರ ಸನ್ನಿಧಾನಕ್ಕೆ,

ಆರು ತಿಂಗಳು ಪತ್ರ ಬರೆಯದಿದ್ದದ್ದಕ್ಕೆ ಕಾರಣ ಕೇಳಬೇಡ. ದೊಡ್ಡ ಮನುಷ್ಯನಾಗಿದ್ದೇನೆ. ನನ್ನ ಕಾಯಿದೆ ಅಕ್ಕಪಕ್ಕದ ಮೂರು ಹಳ್ಳಿಗಳಿಗೆ ನಡೆದುಕೊಂಡು ಹೋಗಿದೆ. ನಾನು ದಾರಿಯಲ್ಲಿ ಕಂಡರೆ ಜನ ಮೊದಲೇ ನಗಲು ಶುರು ಮಾಡುತ್ತಾರೆ, ನಾನು ಬಾಯಿ ತೆರೆಯುವ ಶ್ರಮವೂ ಉಳಿದಿದೆ.

ಪೀರನ ಆಡು ಇಪ್ಪತ್ತಮೂರು. ಅಪರಾಧ ಮಾಡಿ ಬಂದವು ಒಂಬತ್ತು, ಅಲ್ಲೇ ಹುಟ್ಟಿದವು ಆರು. ಉಳಿದವು? ಹರಕೆಯವು! ಮಗುವಿಗೆ ಜ್ವರ ಬಿಟ್ಟರೆ ಪೀರನಿಗೊಂದು ಆಡು, ಮಗಳಿಗೆ ವರ ಸಿಕ್ಕರೆ ಒಂದು ಆಡು. ಚಂದ್ರಾಮಪ್ಪ ಗೌಡರು ಹಲ್ಲುನೋವು ಹೋಯಿತೆಂದು ಒಂದು ಹೋತವನ್ನೇ ಬಿಟ್ಟರು. ಕಿವಿ ಕೊಯ್ದ ಆಡಿನ ಮೈ ಮುಟ್ಟಿ ಹೆಣ್ಣುಮಕ್ಕಳು ಕಣ್ಣಿಗೊತ್ತಿಕೊಳ್ಳುತ್ತಾರೆ. ನನ್ನ ರಂಗಿಗೆ ಹಣೆಯ ಮೇಲೆ ಕುಂಕುಮ, ಕೊರಳಲ್ಲಿ ಹಸಿರು ಬಟ್ಟೆ. ಭೀಮಬಾಯಿ ಅದರ ಹಾಲು ಕರೆಯಲು ಹೋದರೆ ಮೊದಲು ಕೈ ಮುಗಿಯಬೇಕಾಗಿದೆ.

ನಿನ್ನ ಅಬ್ಬಾ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಮೊನ್ನೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ನಮ್ಮ ಜೊತೆ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ ಉಂಡು, ನಿನಗೆ ಹೀಗೆ ಬರೆಯಬೇಕೆಂದು ಹೇಳಿದರು: “ಮಗಗ ಬರಿ ಮಾಸ್ತರ, ಈ ವಯಸ್ಸಿನ್ಯಾಗ ನಂಗ ಇಪ್ಪತ್ತಮೂರು ಮಕ್ಕಳಾಗ್ಯಾವ, ಒಂದೂ ಅವನಂಗ ಶಹಾಬಾದಕ್ಕ ಓಡಿ ಹೋಗಿಲ್ಲ ಅಂತ.” ಕೆಮ್ಮು ಇದೆ. ಕೆಮ್ಮಿನ ನಡುವೆ ಬೈಗುಳವೂ ಇದೆ. ಆದ್ದರಿಂದ ಆರಾಮ ಎಂದೇ ತಿಳಿ.

ನೀನು ಹೇಳಿದ ಸಾಲಿನ ವಿಷಯ. ಚಾವಡಿಯಲ್ಲಿ ಹೇಳಬೇಕೆಂದು ಎದ್ದೆ. ನಾನು ಎದ್ದೊಡನೆ ಎಲ್ಲರೂ ನಗೆಮುಖ ಮಾಡಿ ಕುಳಿತರು. ಅಂಥ ಮುಖಗಳ ಮುಂದೆ ಇಂಥ ಮಾತು ಹೇಗೆ ಆಡುವುದು? ಬೇರೆ ಏನೋ ಒಂದು ಹೇಳಿ ಕುಳಿತೆ. ಯುಗಾದಿ ಕಳೆಯಲಿ.

ಇಂತಿ,
ಕಾಯಿದೆ ಪಂಡಿತ, ಚಟಾಕಿ ರತ್ನ
ಅಮೃತಪ್ಪ

*

ಶಹಾಬಾದ
2 ಫೆಬ್ರವರಿ 1944

ಅಮೃತಾ,

ನಾಲ್ಕು ಪುಟ ಬರೆದಿದ್ದೀ. ಆಡಿನ ಹಣೆಯ ಕುಂಕುಮ ಇದೆ, ಗೌಡರ ಹಲ್ಲು ಇದೆ. ಬುಗ್ಗೆ ಹೇಗಿದೆ ಎಂಬುದೊಂದು ಇಲ್ಲ.

ಮಶಾಕ

*

ಬುಗ್ಗಿಹಾಳ
20 ಜನವರಿ 1945

ಮಶಾಕ,

ನೀನು ಒಂದೇ ಸಾಲಿನಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ಈ ವೇಗದಲ್ಲಿ ನಾನು ಸರಕಾರಿ ನೌಕರಿಗೆ ಲಾಯಕ್ಕು.

ಬನ ಈಗ ನೋಡಲು ವಿನೋದವಾಗಿದೆ. ಆಡು ಹಿಂಗಾಲ ಮೇಲೆ ನಿಂತರೆ ಎಷ್ಟು ಎತ್ತರ ಮುಟ್ಟುತ್ತದೋ ಅಷ್ಟರವರೆಗೆ ಒಂದು ಎಲೆಯಿಲ್ಲ. ಯಾರೋ ದಾರ ಹಿಡಿದು ಕತ್ತರಿಸಿದ ಹಾಗೆ. ಬನವೆಲ್ಲ ಧೋತರ ಕಳಚಿಕೊಂಡು, ಬರೀ ರುಮಾಲು ಸುತ್ತಿಕೊಂಡು ನಿಂತಂತಿದೆ. ಸೀತಾಫಲದ ಗಿಡಗಳು ಮಾತ್ರ ಮೈತುಂಬ ಬಟ್ಟೆ ತೊಟ್ಟಿವೆ, ಅದರ ಎಲೆಗೆ ಆಡು ಬಾಯಿ ಹಾಕುವುದಿಲ್ಲ. ಹುಣಸೆಯ ತೊಗಟೆಯನ್ನೂ ಕೆರೆದು ತಿಂದಿವೆ. ಮುದುಕ ಮರಗಳು ಇವೆ ಮಶಾಕ. ಮಕ್ಕಳ ಮರ ಒಂದೂ ಇಲ್ಲ. ಮೊಳಕೆ ಮಣ್ಣಿನಿಂದ ತಲೆ ಎತ್ತಿದ ದಿನವೇ ಅದರ ಆಯುಷ್ಯ ಮುಗಿಯುತ್ತದೆ.

ಈ ಸಲದ ಮಳೆಯಲ್ಲಿ ಬುಗ್ಗೆಗೆ ಕೆಂಪು ನೀರು ಬಂತು. ಕಲ್ಲಿನ ತೊಟ್ಟಿ ಮಣ್ಣು ತುಂಬಿ, ಹೆಣ್ಣುಮಕ್ಕಳು ಪುಟ್ಟಿಯಲ್ಲಿ ತೆಗೆದು ಹಾಕಿದರು. ಇನ್ನೊಂದು ಮಳೆಗೆ ಮತ್ತೆ ತುಂಬಿತು. ಒಂದು ಕೊಡ ತುಂಬಲು ಈಗ ಇಷ್ಟುದ್ದದ ಪದ ಹಾಡಿ ಮುಗಿಸಬೇಕು. ಆಡು ಅರವತ್ತೊಂದು.

ಮೊನ್ನೆ ಕಾಕಾ ಪಾಠದ ನಡುವೆ ನನ್ನ ಸಾಲಿಗೆ ಬಂದರು. ಹುಡುಗರ ಮುಂದೆ ಮಾತಾಡದೆ ಹೊರಗೆ ಕರೆದರು. “ಮಾಸ್ತರ, ಇವು ಪೀರನ ಗಿಡಾನೇ ತಿನ್ನಾಕತ್ಯಾವ. ಪೀರ ಸುಮ್ಮನ ಮಲಗ್ಯಾನ. ನಾನೂ ಸುಮ್ಮನಿರಲೇನು? ನಾ ಕಾವಲ ಯಾರಿಗಿ ಅದೀನಿ, ಆಡಿಗೋ ಬನಕ್ಕೋ?” ನಾನು ಏನೋ ನಗೆಮಾತು ಹುಡುಕುತ್ತಿದ್ದೆ. ಸಿಗಲಿಲ್ಲ. “ಮೆಹತಾಬನಿಗೆ ಕೊಟ್ಟುಬಿಡ್ರಿ ಕಾಕಾ” ಅಂದೆ.

ನಿನ್ನೆ ಮೆಹತಾಬ್ ಬಂದಿದ್ದ. ಹುಣಸೆಯ ಕೆಳಗೆ ನಾವು ಮೂವರೇ. “ಎಷ್ಟಕ್ಕ ಕೊಡ್ತಿ ಕಾಕಾ?” ಎಂದು ಕೇಳಿದ. ಕಾಕಾ, “ಏನೂ ಬ್ಯಾಡ. ಹೊಡಕೊಂಡು ಹೋಗು, ಸಾಕು. ಪೀರನ ಆಡು ಮಾರಿದೆ ಅನ್ನಿಸ್ಕೋಬಾರದು ನಾ” ಅಂದರು. ಮೆಹತಾಬ್ ನನ್ನ ಕಡೆ ನೋಡಿ, “ಏನ್ರಿ ಮಾಸ್ತರ, ನಿಮ್ಮೂರಾಗ ಎಲ್ಲಾರೂ ಹಿಂಗೇ ಅದಾರೇನು?” ಎಂದ. ಕಾಕಾ ರಂಗಿಯ ಕಿವಿ ನೀವುತ್ತ ಕುಳಿತಿದ್ದರು. ಅವರೇ ಕೊಯ್ದ ಕಿವಿ. ಆಮೇಲೆ ನನ್ನ ಮುಖ ನೋಡದೆ ಕೇಳಿದರು: “ಊರು ಕೇಳಿದ್ರ ನೀ ಹೇಳ್ತಿ ಅಲ್ಲ ಮಾಸ್ತರ, ನಾ ಏನೂ ತಗೊಂಡಿಲ್ಲಂತ?”

“ನಾ ಅದೀನಿ ಕಾಕಾ” ಅಂದೆ.

ಮುಂದಿನ ವಾರ ಹೊರಡುತ್ತವೆ.

ಇಂತಿ ನಿನ್ನ
ಅಮೃತಪ್ಪ

*

ಶಹಾಬಾದ
28 ಜನವರಿ 1945

ಅಮೃತಾ,

ಒಳ್ಳೆಯ ಕೆಲಸ. ಅಬ್ಬಾನ ಜೊತೆ ನೀನಿದ್ದೀ ಎಂದರೆ ನನಗೆ ಚಿಂತೆಯಿಲ್ಲ. ರಜೆ ಕೇಳಿದ್ದೆ; ಫೌಜಿನ ಕಲ್ಲಿನ ಕೆಲಸ ಎಂದು ಕೊಡಲಿಲ್ಲ. ಏನಾಯಿತೆಂದು ಕೂಡಲೇ ಬರೆ. ಈ ಸಲ ಹನ್ನೊಂದು ತಿಂಗಳು ಬೇಡ.

ಮಶಾಕ

*

ಬುಗ್ಗಿಹಾಳ
3 ಮಾರ್ಚ್ 1945

ಪ್ರಿಯ ಮಶಾಕನಿಗೆ ಅಮೃತಪ್ಪನ ವಂದನೆಗಳು.

ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಈಗಲೇ ಜೋರಾಗಿದೆ. ನನ್ನ ಸಾಲಿಯಲ್ಲಿ ಒಬ್ಬ ಹುಡುಗ ಏಳರ ಮಗ್ಗಿಯನ್ನು ಹಾಡಿನ ಧಾಟಿಯಲ್ಲಿ ಹೇಳುತ್ತಾನೆ, ತಪ್ಪಿದ ಕಡೆ ರಾಗ ಎಳೆಯುತ್ತಾನೆ, ದೊಡ್ಡವನಾದರೆ ವಕೀಲನಾಗುತ್ತಾನೆ.

ಆಡುಗಳು ಹೊರಟವು. ಸೇಡಂ ಟೇಸನ್ ಇನ್ನೂ ಎರಡು ಹರದಾರಿ ಇರುವಾಗ ಊರಿನ ತರುಣರು ಹೋಗಿ ತಡೆದು ತಿರುಗಿಸಿಕೊಂಡು ಬಂದರು. ಹಲಗೆ ಬಾರಿಸುತ್ತ, ಕೊರಳಿಗೆ ಮಾಲೆ ಹಾಕಿ ತಂದರು. ಮೆರವಣಿಗೆ ಚೆನ್ನಾಗಿತ್ತು ಎಂದು ಹೇಳುತ್ತಾರೆ.

ಚಾವಡಿಯಲ್ಲಿ ಸಭೆಯಾಯಿತು. ಗೌಡರು, ಮಠದವರು, ದರ್ಗಾದ ಹಿರಿಯರು ಮೂವರೂ ಒಂದೇ ಮಾತು ಆಡಿದ್ದು ಊರಿನ ಚರಿತ್ರೆಯಲ್ಲಿ ಇದೇ ಮೊದಲು. ಗೋರಿಯ ಬೀಗದ ಕೈ ಸದ್ಯಕ್ಕೆ ಚಂದ್ರಾಮಪ್ಪ ಗೌಡರ ಹತ್ತಿರ ಇದೆ. ಸದ್ಯಕ್ಕೆ ಮಾತ್ರ. ಕಾಕಾ ಆರಾಮ ಇದ್ದಾರೆ. ಎರಡು ದಿನದಿಂದ ಅವರನ್ನು ನಾನು ಕಂಡಿಲ್ಲ, ಸಾಲಿಯ ಕೆಲಸ ಹೆಚ್ಚು.

ಭೀಮಬಾಯಿ ನಮಸ್ಕಾರ ಹೇಳಿದ್ದಾಳೆ. ನಿಜವಾಗಿ ಹೇಳಿಲ್ಲ. ಸಭೆಯ ದಿನದಿಂದ ನನ್ನ ಜೊತೆ ಮಾತಾಡಿಲ್ಲ.

ಇಂತಿ,
ಅಮೃತಪ್ಪ

*

ಶಹಾಬಾದ
14 ಏಪ್ರಿಲ್ 1945

ಅಮೃತಪ್ಪನವರಿಗೆ,

ಅಬ್ಬಾ ಇಲ್ಲಿಗೆ ಬಂದಿದ್ದಾರೆ. ಊರಿನಿಂದ ಸೇಡಂವರೆಗೆ ನಡೆದು, ಅಲ್ಲಿಂದ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸುವಾಗ ಯಾರನ್ನೋ ಕೇಳಿ, ನನ್ನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒಂದು ಗಂಟು, ಅದರಲ್ಲಿ ಕಿವಿ ಕೊಯ್ಯುವ ಕತ್ತರಿ. “ಇದ ಅವರು ಕೇಳಲಿಲ್ಲ, ಅದಕ್ಕ ತಂದೆ” ಎಂದರು.

ಬಹಳ ಮಾತಾಡುವುದಿಲ್ಲ. ಪೀರನ ಮಾಲು ತಿಂದ ಎಂದು ಊರಿನ ಮುಂದೆ ಹೇಳಿದರಂತೆ. ಅದನ್ನು ಹೇಳುವಾಗ ಅವರಿಗೆ ಸಿಟ್ಟಿಲ್ಲ. ಒಂದು ಮಾತನ್ನು ಮಾತ್ರ ಮೂರು ನಾಲ್ಕು ಸಲ ಹೇಳಿದರು, ಅದನ್ನು ಹಾಗೇ ಬರೆಯುತ್ತೇನೆ: “ಸಭಾದಾಗ ಮಾಸ್ತರ ಒಂದ ಸಲ ಕೆಮ್ಮಿದ. ಈಗ ಹೇಳತಾನ ಅಂತ ನಾ ತಲಿ ಎತ್ತಿ ಕಾದೆ.”

ನೀನು ಏನು ಹೇಳಿದೆ?

ಮಶಾಕ

*

ಬುಗ್ಗಿಹಾಳ
22 ಮೇ 1945

ಪ್ರಿಯ ಮಶಾಕ,

ಈ ವರ್ಷ ಮಾವು ಚೆನ್ನಾಗಿ ಬಂದಿದೆ. ಮಳೆ ಬೇಗ ಬರಬಹುದೆಂದು ಹೇಳುತ್ತಾರೆ. ಕಾಕಾಗೆ ಶರಣು ತಿಳಿಸು.

ಅಮೃತಪ್ಪ

*

ಶಹಾಬಾದ
6 ಜುಲೈ 1945

ಅಮೃತಪ್ಪನವರಿಗೆ,

ನಾನಾಗಿ ಬರೆಯುತ್ತಿರಲಿಲ್ಲ. ಅಬ್ಬಾ ಹಾಸಿಗೆ ಹಿಡಿದಿದ್ದಾರೆ. ಇಲ್ಲಿಯ ನೀರು ಸುಣ್ಣದ ರುಚಿ, ಗಂಟಲಿಗಿಳಿಯುವುದಿಲ್ಲ ಎನ್ನುತ್ತಾರೆ. ಬುಗ್ಗೆಯ ನೀರು ಒಂದು ಗುಟುಕು ಬೇಕಂತೆ. ದಿನಾ ಕೇಳುತ್ತಾರೆ. ಸೇಡಂ ಟೇಸನ್‌ವರೆಗೆ ಒಂದು ಗಡಿಗೆ ಕಳಿಸಿಕೊಟ್ಟರೆ ಅಲ್ಲಿಂದ ನಮ್ಮ ಗಣಿಯವನೊಬ್ಬ ತರುತ್ತಾನೆ.

ಮಶಾಕ

*

ಬುಗ್ಗಿಹಾಳ
13 ಜುಲೈ 1945

ಮಶಾಕ,

ಗಡಿಗೆ ಕಳಿಸಿದ್ದೇನೆ. ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮಣ್ಣು ಮೆತ್ತಿದ್ದೇನೆ, ತುಳುಕುವುದಿಲ್ಲ. ಬುಗ್ಗೆಯದೇ ನೀರು. ಬೆಳಗಿನ ಮೊದಲ ನೀರು, ಕಾಕಾ ದಿನಾ ತುಂಬಿಕೊಳ್ಳುತ್ತಿದ್ದ ಹಾಗೆ.

ಅಮೃತಪ್ಪ

*

ಶಹಾಬಾದ
11 ಆಗಸ್ಟ್ 1945

ಅಮೃತಪ್ಪನವರಿಗೆ,

ಅಬ್ಬಾ ಹೋದ ಬುಧವಾರ ತೀರಿಕೊಂಡರು. ಇಲ್ಲಿಯೇ ಮಣ್ಣು ಮಾಡಿದೆವು. ಒಂದು ಮೊಳ ಮಣ್ಣು, ಕೆಳಗೆ ಕಲ್ಲು. ಗಣಿಯವರೇ ಬಂದು ಒಡೆದುಕೊಟ್ಟರು.

ನಿಮ್ಮ ಗಡಿಗೆ ಬಂದ ದಿನ ಎಬ್ಬಿಸಿ ಕೂಡಿಸಿದೆ. ಒಂದು ಗುಟುಕು ಬಾಯಿಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ನುಂಗಿದ ಮೇಲೆ, “ಇದು ಗೌಡರ ಹೊಲದ ಬಾವೀದು” ಎಂದರು. ಆಮೇಲೆ, “ಹಂಗಾದ್ರ ಬುಗ್ಗಿ ಹೋತು” ಎಂದರು. ಗೋಡೆಗೆ ಒರಗಿ ಅತ್ತರು. ಬೀಗದ ಕೈ ಕಸಿದುಕೊಂಡಾಗಲೂ ಅತ್ತಿರಲಿಲ್ಲವಂತೆ.

ಸಂಜೆ ನನ್ನನ್ನು ಕರೆದು ಹೇಳಿದರು: “ಮಾಸ್ತರಗ ನೀರು ಛಲೋ ಅದ ಅಂತ ಬರಿ. ಪಾಪ, ಅವನ ಮನಸಿಗಿ ಹತ್ತಬಾರದು.”

ಅವರು ಹೇಳಿದಂತೆ ನಾನು ಬರೆಯಲಾರೆ. ನೀವು ಇನ್ನು ಪತ್ರ ಬರೆಯಬೇಡಿ.

ಮಶಾಕ

*

ಬುಗ್ಗಿಹಾಳ
30 ಜೂನ್ 1946

ಮಶಾಕ,

ಬರೆಯಬೇಡ ಎಂದಿದ್ದೀ. ನೀನು ಓದದೆ ಒಲೆಗೆ ಹಾಕಿದರೂ ನನಗೆ ಇದನ್ನು ಬರೆಯುವುದು ಇದೆ. ನೀನು ಕೇಳಿದ ಪ್ರಶ್ನೆಯೊಂದು ಉಳಿದುಹೋಗಿದೆ.

ನಾನು ಏನೂ ಹೇಳಲಿಲ್ಲ.

ಸಭೆಯಲ್ಲಿ ಕಾಕಾ ನಿಂತಿದ್ದರು. “ಎಷ್ಟಕ್ಕ ಮಾರಿದಿ ಹೇಳು” ಎಂದು ಊರವರು ಕೇಳುತ್ತಿದ್ದರು. “ನಾ ಮಾರಿಲ್ಲ” ಎಂದಷ್ಟೇ ಕಾಕಾ ಹೇಳಿದರು. ನನ್ನ ಹೆಸರು ಎತ್ತಲಿಲ್ಲ, ನನ್ನ ಕಡೆ ಬೆರಳು ತೋರಿಸಲಿಲ್ಲ. ಸುಮ್ಮನೆ ಕಾದರು. ಮೆಹತಾಬ್ ಬರಲಿಲ್ಲ, ಅವನಿಗೆ ಇಲ್ಲಿ ಇನ್ನೂ ವ್ಯಾಪಾರವಿತ್ತು. ಹುಣಸೆಯ ಕೆಳಗೆ ಇದ್ದವನು ನಾನೊಬ್ಬನೇ ಉಳಿದಿದ್ದೆ. ಹೇಳಬೇಕೆಂದು ಕೆಮ್ಮಿದೆ. ಗೌಡರು ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ಆಗಲೇ ಅರ್ಧ ನಕ್ಕಿದ್ದರು, ಮಾಸ್ತರ ಈಗೊಂದು ಹಾರಿಸುತ್ತಾನೆ ಎಂದು. ನಾನು ಹೆಗಲ ಉಪರಣೆಯಿಂದ ಬಾಯಿ ಒರೆಸಿಕೊಂಡೆ.

ಸಾಲಿ ನಡೆಯುವುದು ಗೌಡರ ಪಡಸಾಲೆಯಲ್ಲಿ, ಅದು ಹೋಗುತ್ತದೆಂದು ಹೆದರಿದೆ ಎಂದು ಬರೆದರೆ ನೀನು ಒಪ್ಪಬಹುದು. ಅದೂ ಸುಳ್ಳು. ಇಷ್ಟು ವರ್ಷ ನನ್ನ ಜೊತೆ ನಕ್ಕವರು ಆ ದಿನ ನನ್ನನ್ನು ನೋಡಿ ನಗದೆ ಹೋದರೆ ನಾನು ಯಾರು ಎಂದು ಹೆದರಿದೆ. ಅಷ್ಟೇ. ಅಷ್ಟಕ್ಕೇ.

ಗಡಿಗೆಯ ನೀರು ಗೌಡರ ಬಾವಿಯದು. ನಿನ್ನ ಪತ್ರ ಬಂದ ದಿನ ಬುಗ್ಗೆಗೆ ಹೋದೆ. ಆ ಬೇಸಿಗೆಯಲ್ಲೇ ಅದು ನಿಂತಿತ್ತು. ನಿನಗೆ ಮಾವಿನಕಾಯಿಯ ವಿಷಯ ಬರೆದೆನಲ್ಲ, ಅದೇ ವಾರ. ತೊಟ್ಟಿಯ ಮಣ್ಣನ್ನು ಕೈಯಿಂದ ಬಗೆದೆ. ಮಳೆ ಇನ್ನೂ ಬಿದ್ದಿರಲಿಲ್ಲ, ಮೊಳಕೈವರೆಗೆ ಹೋದರೂ ಹಸಿಯಿರಲಿಲ್ಲ. ಸಾಯುವ ಮನುಷ್ಯನಿಗೆ ಬುಗ್ಗೆ ಇಲ್ಲ ಎಂದು ಹೇಳಬಾರದು ಎಂದುಕೊಂಡೆ. ಕಾಕಾನಿಗೆ ಗೊತ್ತಾಗುವುದಿಲ್ಲ ಎಂದೂ ಅಂದುಕೊಂಡೆ ನೋಡು, ಎಪ್ಪತ್ತು ವರ್ಷ ಅದನ್ನೇ ಕುಡಿದವರಿಗೆ.

ಆಡುಗಳ ಕಥೆ ಮುಗಿಯಿತು. ಬನದಲ್ಲಿ ತಿನ್ನಲು ಏನೂ ಉಳಿಯದಾಗ ಗುಡ್ಡ ಇಳಿದು ಜೋಳಕ್ಕೆ ಬಾಯಿ ಹಾಕಿದವು. ಕಣ್ಣಿಗೊತ್ತಿಕೊಳ್ಳುತ್ತಿದ್ದವರೇ ಬಡಿಗೆಯಿಂದ ಹೊಡೆದರು. ರಂಗಿಯ ಕಾಲು ಮುರಿದಿತ್ತು. ಹೋದ ಡಿಸೆಂಬರಿನಲ್ಲಿ ಗೌಡರೇ ಮೆಹತಾಬನನ್ನು ಕರೆಸಿ ಎಂಬತ್ತು ಆಡನ್ನೂ ಒಂದೇ ದಿನ ಸೇಡಂಗೆ ಹೊಡೆಸಿಬಿಟ್ಟರು. ಕಾಕಾ ಮಾಡಿದ ಕೆಲಸವೇ. ಹಲಗೆ ಬಾರಿಸಿ ತಡೆಯಲು ಯಾರೂ ಹೋಗಲಿಲ್ಲ. ಸಭೆಯನ್ನೂ ಕರೆಯಲಿಲ್ಲ.

ಸಭೆ ಇಲ್ಲವೆಂದು ನಾನೇ ಚಾವಡಿಗೆ ಹೋಗಿ ನಿಂತೆ. ಹೇಳಿದೆ: “ಕಾಯ್ದೆ ಮಾಡಿದಾವ ನಾನು. ಮೆಹತಾಬಗ ಕೊಡ್ರಿ ಅಂದಾವ ನಾನು. ಹಾಜಿಮಲಂಗ್ ಕಾಕಾ ಒಂದು ಕಾಸೂ ತಗೊಂಡಿಲ್ಲ, ನಾ ಅಲ್ಲೇ ಇದ್ದೆ. ಅವರನ್ನ ಕೊಂದಾವ ನಾನು.” ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. “ಏನ್ ಮಾರಿ ಮಾಡ್ತಾನಪಾ ಮಾಸ್ತರ, ಖರೇನ ಅಳಾಕತ್ತಂಗ!” ಎಂದು ಗೌಡರು ತೊಡೆ ತಟ್ಟಿಕೊಂಡು ನಕ್ಕರು. ನಾನು ಅಳುತ್ತಲೇ ಇದ್ದೆ ಮಶಾಕ. ಹೆಚ್ಚು ಅತ್ತಷ್ಟೂ ಹೆಚ್ಚು ನಕ್ಕರು.

ಅವತ್ತಿನಿಂದ ಒಂದು ಕೆಲಸ ಮಾಡುತ್ತಿದ್ದೇನೆ. ಸಾಲಿ ಬಿಟ್ಟ ಮೇಲೆ ಬುಗ್ಗೆಯ ತೊಟ್ಟಿಗೆ ಹೋಗಿ ಒಂದು ಪುಟ್ಟಿ ಮಣ್ಣು ತುಂಬುತ್ತೇನೆ. ಗುಡ್ಡದಿಂದ ಇಳಿದು ಬಂದ ಮಣ್ಣು. ಅದನ್ನು ಹೊತ್ತು ಮೇಲೆ ಒಯ್ದು ಹುಣಸೆಯ ಬೇರಿನ ಮೇಲೆ ಹಾಕುತ್ತೇನೆ. ಜಾರದಂತೆ ಕಲ್ಲು ಸಾಲಿಡುತ್ತೇನೆ. ದಿನಕ್ಕೊಂದು ಪುಟ್ಟಿ. ಊರು ಇದನ್ನೂ ನನ್ನ ಹೊಸ ಚಟಾಕಿ ಎಂದುಕೊಂಡಿದೆ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಭೀಮಬಾಯಿ, ತಲೆಯ ಮೇಲೆ ಇನ್ನೊಂದು ಪುಟ್ಟಿ. “ನಿಮ್ಮ ಸಲುವಾಗಿ ಅಲ್ಲ, ಕಾಕಾನ ಸಲುವಾಗಿ” ಎಂದಳು. ಅಷ್ಟು ದಿನದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

ನೀನು ಕಾಯಿದೆಗೆ ಸೇರಿಸು ಎಂದಿದ್ದ ಸಾಲನ್ನೂ ನನ್ನ ಮಾತಿನಲ್ಲಿ ಬರೆದಿದ್ದೇನೆ. ಬನದ ಬಾಯಿಯ ಬಂಡೆಯ ಮೇಲೆ, ಸುಣ್ಣದಲ್ಲಿ: ಇಲ್ಲಿ ಬಂದ ಆಡು ಪೀರನದಲ್ಲ, ಸಾಕಿದವರದು, ಹಿಂದಕ್ಕೆ ಹೊಡೆಯಿರಿ. ಮೂರು ವರ್ಷ ತಡ. ಅದನ್ನು ಓದಿ ಆಡು ಹಿಂದಕ್ಕೆ ಹೋಗುವುದಿಲ್ಲ, ಆದ್ದರಿಂದ ನಾನು ಅಲ್ಲೇ ಕುಳಿತಿರುತ್ತೇನೆ. ಕಾಕಾ ಕೂಡುತ್ತಿದ್ದ ಕಲ್ಲಿನ ಮೇಲೆ ಅಲ್ಲ. ಅದರ ಪಕ್ಕದಲ್ಲಿ.

ಮೃಗಶಿರೆಯ ಮಳೆ ನಾಲ್ಕು ದಿನ ಹಿಡಿದು ನಿಂತಿತು. ನಿನ್ನೆ ತೊಟ್ಟಿಯ ಮೂಲೆಯಲ್ಲಿ ಅಂಗೈಯಷ್ಟು ನೀರು ಕಂಡಿತು, ಕಲ್ಲಿನ ಸಂದಿಯ ಹತ್ತಿರ. ಕೆಂಪಿರಲಿಲ್ಲ. ಬೊಗಸೆಯಲ್ಲಿ ಎತ್ತಿಕೊಂಡು ಕುಡಿದೆ. ಭೀಮಬಾಯಿ ಕುಡಿದು, “ಮಳೀ ನೀರು ಇರಬೇಕ” ಎಂದಳು. ಮತ್ತೊಂದು ಗುಟುಕು ಕುಡಿದಳು. ನಾನೂ ಬಾಯಿಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗದೆ ಕುಳಿತೆ.

ಮಳೆಯ ನೀರೋ, ಬುಗ್ಗೆಯ ನೀರೋ, ನನ್ನ ನಾಲಿಗೆಗೆ ತಿಳಿಯಲಿಲ್ಲ. ತಿಳಿಯುವ ನಾಲಿಗೆ ಶಹಾಬಾದದ ಒಂದು ಮೊಳ ಮಣ್ಣಿನಲ್ಲಿದೆ.

ಅಮೃತಪ್ಪ